ಎಣ್ಣೆನೀರು: ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಭ್ಯಂಜನದ ಆಚಾರ

೧

ನಾಡಿನ ಇತಿಹಾಸವನ್ನು ಬರೆದವರು ಅರಮನೆಯ ಸಭಾಮಂಟಪವನ್ನೂ ದೇವಾಲಯದ ಗರ್ಭಗೃಹವನ್ನೂ ರಣರಂಗವನ್ನೂ ಸಾಕಷ್ಟು ಶೋಧಿಸಿದ್ದಾರೆ. ಮನೆಯ ಬಚ್ಚಲನ್ನು ಹೊಕ್ಕು ನೋಡಿದವರು ವಿರಳ. ಆದರೆ ಮನುಷ್ಯನು ಹುಟ್ಟಿದ ದಿನದಿಂದ ಮಸಣಕ್ಕೆ ಹೊರಡುವ ದಿನದವರೆಗೆ ಅವನ ಬಾಳಿನ ಪ್ರತಿಯೊಂದು ತಿರುವೂ ಬಚ್ಚಲಿನ ಮೂಲಕವೇ ಹಾದುಹೋಗುತ್ತದೆ. ಹಡೆದವಳಿಗೆ ನೀರು, ಹುಟ್ಟಿದ ಕೂಸಿಗೆ ನೀರು, ಮದುಮಗನಿಗೂ ಮದುಮಗಳಿಗೂ ನೀರು, ಜ್ವರ ಬಿಟ್ಟು ಎದ್ದವನಿಗೆ ನೀರು, ಕಡೆಗೆ ಹೆಣಕ್ಕೂ ನೀರು. ಇಷ್ಟು ವ್ಯಾಪಕವಾದ ಒಂದು ಆಚಾರಕ್ಕೆ ಚರಿತ್ರೆಯುಂಟೆಂಬುದನ್ನು ನಾವು ಮರೆತಿರುವುದು ಅದು ತೀರ ಹತ್ತಿರದ್ದಾಗಿರುವುದರಿಂದಲೇ ಇರಬೇಕು.

ಪ್ರಸ್ತುತ ಲೇಖನದ ವಿಷಯವು ಅಭ್ಯಂಜನ, ಎಂದರೆ ಎಣ್ಣೆಯೊತ್ತಿ ಬಿಸಿನೀರೆರೆಯುವ ಸ್ನಾನ. ಕ್ಷೇತ್ರವು ಬೆಂಗಳೂರಿನ ಶಂಕರಪುರಂ ಮತ್ತು ಅದರ ನೆರೆಯ ಚಾಮರಾಜಪೇಟೆ, ಬಸವನಗುಡಿಗಳು. ಕಾಲವು ೧೮೯೦ರ ದಶಕದಿಂದ ಈಚಿನದು. ಬಳಲಿದ ದಿನಗಳಲ್ಲಿಯೂ ಬಾಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಸಮಯದಲ್ಲಿಯೂ ತನ್ನ ದೇಹಮನಸ್ಸುಗಳನ್ನು ಮೃದುವಾಗಿ ನೋಡಿಕೊಳ್ಳಬೇಕೆಂಬ ಮಾತು ಇಂದು ಎಲ್ಲೆಲ್ಲಿಯೂ ಕೇಳಬರುತ್ತಿದೆ. ಅಂಥ ಸಂದರ್ಭಗಳಿಗಾಗಿಯೇ ನಮ್ಮ ಮನೆಗಳು ಒಂದು ವ್ಯವಸ್ಥೆಯನ್ನು ಇಟ್ಟುಕೊಂಡಿದ್ದುವು. ಆದರೆ ಅದು ತನ್ನನ್ನು ತಾನು ನೋಡಿಕೊಳ್ಳುವ ವ್ಯವಸ್ಥೆಯಾಗಿರಲಿಲ್ಲ. ಇನ್ನೊಬ್ಬರ ಕೈಗೆ ತನ್ನ ತಲೆಯನ್ನು ಒಪ್ಪಿಸುವ ವ್ಯವಸ್ಥೆಯಾಗಿತ್ತು. ಎಣ್ಣೆಯಾಗಲಿ ನೀರಾಗಲಿ ಇದರ ಜೀವಾಳವಲ್ಲ, ಆ ಕೈಯೇ ಜೀವಾಳ ಎಂಬುದು ಈ ಲೇಖನದ ಪ್ರತಿಪಾದನೆ. ಆ ಕೈ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ, ಯಾವಾಗ ಹಿಂದೆ ಸರಿಯಿತು ಎಂಬುದೇ ಇದರ ಇತಿಹಾಸ.

ಈ ವಿಷಯದಲ್ಲಿ ಕನ್ನಡದ ಮಾತೇ ಮೊದಲನೆಯ ಆಧಾರ. ದಿನನಿತ್ಯದ ಸ್ನಾನವನ್ನು ನಾವು 'ಮಾಡುತ್ತೇವೆ'. ಅಭ್ಯಂಜನದಲ್ಲಾದರೋ ಎಣ್ಣೆಯನ್ನು 'ಒತ್ತುತ್ತಾರೆ', ನೀರನ್ನು 'ಎರೆಯುತ್ತಾರೆ' ಅಥವಾ 'ಹಾಕುತ್ತಾರೆ'. ಈ ಕ್ರಿಯಾಪದಗಳೆಲ್ಲವೂ ಇಬ್ಬರನ್ನು ಬೇಡುತ್ತವೆ: ಕೊಡುವವರೊಬ್ಬರು, ಪಡೆಯುವವರೊಬ್ಬರು. ಒಬ್ಬಳೇ ಇದ್ದು ಮಾಡಿಕೊಂಡಾಗಲೂ ಮನೆಯ ಹೆಂಗಸು 'ಎರೆದುಕೊಂಡೆ' ಎನ್ನುತ್ತಾಳೆ. ಕೊಡುವವಳೂ ಪಡೆಯುವವಳೂ ತಾನೇ ಆದಳೆಂದು ಅದರ ಅರ್ಥ. ಹಳೆಯ ಕನ್ನಡದ 'ಮಜ್ಜನಕ್ಕೆರೆ' ಎಂಬ ಪ್ರಯೋಗದಲ್ಲಿಯೂ ಇದೇ ಭಾವವುಂಟು. 'ಅಭ್ಯಂಜನ'ವೆಂಬ ಸಂಸ್ಕೃತ ಶಬ್ದಕ್ಕೆ ಲೇಪಿಸುವುದೆಂದಷ್ಟೇ ಅರ್ಥ. ಕನ್ನಡಿಗರು ಅದಕ್ಕೆ ಬಿಸಿನೀರನ್ನು ಕೂಡಿಸಿ ಇಡೀ ಸ್ನಾನಕ್ಕೇ ಆ ಹೆಸರನ್ನು ಕೊಟ್ಟರು. 'ಎಣ್ಣೆನೀರು' ಎಂಬ ಅಚ್ಚಗನ್ನಡದ ಸಮಾಸವು ಆ ಅರ್ಥವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ.

೨

ಈ ಆಚಾರವು ಬೆಂಗಳೂರಿನಲ್ಲಿ ಹುಟ್ಟಿದುದಲ್ಲ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯವು ಅಭ್ಯಂಗವನ್ನು ದಿನದ ಕರ್ತವ್ಯಗಳಲ್ಲಿ ಎಣಿಸುತ್ತದೆ. ಮುಪ್ಪು, ಬಳಲಿಕೆ, ವಾತ ಇವುಗಳನ್ನು ಅದು ಕಳೆಯುವುದೆಂದೂ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಸಲ್ಲಬೇಕೆಂದೂ ಅಲ್ಲಿ ಹೇಳಿದೆ. ಅಜೀರ್ಣವುಳ್ಳವರಿಗೂ ಕಫ ಹೆಚ್ಚಿದವರಿಗೂ ಅದು ನಿಷಿದ್ಧ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಬಿಸಿನೀರನ್ನು ಕತ್ತಿನಿಂದ ಕೆಳಕ್ಕೆ ಎರೆದರೆ ಬಲ, ತಲೆಗೆ ಎರೆದರೆ ಕೂದಲಿಗೂ ಕಣ್ಣಿಗೂ ಹಾನಿ ಎಂದು ಅದೇ ಅಧ್ಯಾಯವು ಎಚ್ಚರಿಸುತ್ತದೆ. ನಮ್ಮ ಮನೆಗಳ ರೂಢಿಯೋ ಇದಕ್ಕೆ ತೀರ ವಿರುದ್ಧ. ಹಬೆಯಾಡುವ ನೀರನ್ನು ನೆತ್ತಿಯ ಮೇಲೆಯೇ ಹುಯ್ಯುವುದು ವಾಡಿಕೆ. ಆದುದರಿಂದ ಮನೆಯ ಅಭ್ಯಂಜನವು ವೈದ್ಯಶಾಸ್ತ್ರದ ಕೇವಲ ಅನುಷ್ಠಾನವಲ್ಲ. ಅದಕ್ಕೆ ತನ್ನದೇ ಆದ ಪರಂಪರೆಯುಂಟು. ಆ ಪರಂಪರೆ ಗ್ರಂಥಗಳಿಗಿಂತ ಹೆಚ್ಚಾಗಿ ಹೆಂಗಸರ ಕೈಯಲ್ಲಿ ಉಳಿದು ಬಂದಿತು.

ಕರ್ಣಾಟಕದ ಅರಸರಲ್ಲಿಯೂ ಈ ಸ್ನಾನಕ್ಕೆ ಮನ್ನಣೆಯಿತ್ತು. ಎರಡನೆಯ ಜಯಸಿಂಹನ ಕಾಲದ ಚಾವುಂಡರಾಯನು ಕ್ರಿ. ಶ. ೧೦೨೫ರಲ್ಲಿ ರಚಿಸಿದ ಲೋಕೋಪಕಾರವು ಪಾಕ, ವೈದ್ಯ ಮೊದಲಾದುವುಗಳೊಡನೆ ಸುಗಂಧದ್ರವ್ಯಗಳ ವಿಷಯವನ್ನೂ ಕನ್ನಡದಲ್ಲಿ ತಿಳಿಸುತ್ತದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಸುಮಾರು ೧೧೨೯ರದು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿರುವ ಈ ಗ್ರಂಥದಲ್ಲಿ ಅರಸನ ಉಪಭೋಗಗಳನ್ನು ಹೇಳುವ ಮೂರನೆಯ ವಿಂಶತಿಯಲ್ಲಿ ಗೃಹಭೋಗವಾದ ಕೂಡಲೆ ಸ್ನಾನಭೋಗವು ಬರುತ್ತದೆ. ಹೂವುಗಳಿಂದ ವಾಸನೆಗೊಳಿಸಿದ ಎಣ್ಣೆ, ನುರಿತವರ ಮರ್ದನ, ಜಿಡ್ಡನ್ನು ತೆಗೆಯುವ ಲೇಪ ಇವುಗಳ ವಿವರಗಳು ಅಲ್ಲಿವೆ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಕೃಷ್ಣದೇವರಾಯನು ದಿನವೂ ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆಲ್ಲ ಹಚ್ಚಿಸಿಕೊಂಡು, ಬೆವರಿನಲ್ಲಿ ಎಣ್ಣೆಯಿಳಿಯುವವರೆಗೆ ವ್ಯಾಯಾಮ ಮಾಡಿ, ಕುಸ್ತಿಯಾಡಿ, ಕುದುರೆಯೇರಿ ಹೋಗಿಬಂದು, ಅನಂತರ ಸ್ನಾನಕ್ಕೆ ಕೂಡುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಅರಸನಿಗೆ ನೀರೆರೆಯಲು ಒಬ್ಬ ಬ್ರಾಹ್ಮಣನು ನಿಯಮಿತನಾಗಿದ್ದನು.

ಅರಮನೆಯ ಸ್ನಾನಕ್ಕೂ ಮನೆಯ ಸ್ನಾನಕ್ಕೂ ಸಾಮಗ್ರಿಯಲ್ಲಿ ಭೇದವು ಅಲ್ಪ. ಅರಮನೆಯಲ್ಲಿ ಎರೆಯುವವನು ಸೇವಕ, ಮನೆಯಲ್ಲಿ ಎರೆಯುವವಳು ತಾಯಿ, ಅಜ್ಜಿ, ಅತ್ತೆ, ಅಕ್ಕ, ಹೆಂಡತಿ. ಅಲ್ಲಿ ಭೋಗವೆನಿಸಿದುದು ಇಲ್ಲಿ ನೆಂಟಸ್ತಿಕೆಯಾಯಿತು. ನಮ್ಮ ವಿಚಾರಕ್ಕೆ ಮುಖ್ಯವಾದ ಭೇದ ಇದೇ.

೩

ಈಗ ಶಂಕರಪುರಕ್ಕೆ ಬರೋಣ. ಬೆಂಗಳೂರಿನ ಹಳೆಯ ಪೇಟೆಯು ಕಿರಿದಾದ ಬೀದಿಗಳ, ಒತ್ತೊತ್ತಾದ ಮನೆಗಳ ಊರಾಗಿತ್ತು. ಅದರ ಪಶ್ಚಿಮಕ್ಕೆ ೧೮೯೨ರಲ್ಲಿ ಚಾಮರಾಜಪೇಟೆಯು ರೂಪುಗೊಂಡಿತು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಜನ ಮನೆಗಳನ್ನು ತೊರೆದು ಊರಾಚೆಯ ಗುಡಿಸಲುಗಳಲ್ಲಿ ನಿಂತರು. ಗಾಳಿ ಬೆಳಕುಗಳಿಗೆ ಎಡೆಗೊಟ್ಟು, ಅಗಲವಾದ ನೇರ ಬೀದಿಗಳನ್ನೂ ಮನೆಗಳ ಹಿಂದೆ ಜಾಡಮಾಲಿಗಳ ಓಣಿಗಳನ್ನೂ ಉಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಈ ಭಯದ ನೆರಳಿನಲ್ಲಿ. ಬಸವನಗುಡಿಗೂ ಚಾಮರಾಜಪೇಟೆಗೂ ನಡುವೆ ಇರುವ ಶಂಕರಪುರಕ್ಕೆ ಆ ಹೆಸರನ್ನು ತಂದುದು ಶಂಕರಮಠ. ಶೃಂಗೇರಿಯ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಇಲ್ಲಿ ಮಠವೂ ಸಂಸ್ಕೃತ ಪಾಠಶಾಲೆಯೂ ನೆಲೆಗೊಂಡುವು. ಅಧ್ಯಾಪಕರು, ವಕೀಲರು, ಸರ್ಕಾರದ ಕಚೇರಿಗಳ ನೌಕರರು, ವೈದಿಕರು ಸುತ್ತಲೂ ಮನೆಗಳನ್ನು ಕಟ್ಟಿಕೊಂಡರು.

ಈ ಮನೆಗಳಲ್ಲಿ ಬಚ್ಚಲಿಗೆ ಒಂದು ನಿಶ್ಚಿತ ಸ್ಥಾನವಿತ್ತು. ಮುಂದೆ ಜಗುಲಿ, ಒಳಗೆ ಹಜಾರ, ಅದರಾಚೆ ಅಡಿಗೆಮನೆ, ಹಿತ್ತಲ ಕಡೆಗೆ ಬಾವಿ ಮತ್ತು ಬಚ್ಚಲುಮನೆ. ಬಚ್ಚಲಿನ ಒಂದು ಮೂಲೆಯಲ್ಲಿ ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ. ಒಲೆಗೆ ತೆಂಗಿನ ಗರಿ, ಚಿಪ್ಪು, ಸೌದೆ. ಕುಳಿತುಕೊಳ್ಳಲು ಮಣೆ, ಮೊಗೆಯಲು ಚೊಂಬು, ಗೋಡೆಯ ಗೂಡಿನಲ್ಲಿ ಎಣ್ಣೆಯ ಬಟ್ಟಲು, ಸೀಗೇಪುಡಿ, ಚಿಗರೆಪುಡಿ, ಕಡಲೆಹಿಟ್ಟು. ಹರಳೆಣ್ಣೆ ತಂಪೆಂದೂ ಎಳ್ಳೆಣ್ಣೆ ಮೈಗೆ ಬಲವೆಂದೂ ನಂಬಿಕೆ. ಗ್ರಂಥಿಗೆ ಅಂಗಡಿಯಲ್ಲಿ ದೊರೆಯದ ಪದಾರ್ಥ ಇದರಲ್ಲಿ ಒಂದೂ ಇರಲಿಲ್ಲ.

ಕ್ರಮವೂ ಸರಳ. ಮಣೆಯ ಮೇಲೆ ಕುಳ್ಳಿರಿಸಿ, ಹಿರಿಯಳೊಬ್ಬಳು ಮೊದಲು ನೆಲಕ್ಕೆ ಎಣ್ಣೆಯ ಬೊಟ್ಟುಗಳನ್ನಿಟ್ಟು ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಮಂದಿ ಚಿರಂಜೀವಿಗಳನ್ನು ನೆನೆಯುತ್ತಾಳೆ. ಆಮೇಲೆ ನೆತ್ತಿಗೆ ಎಣ್ಣೆ ಬಿದ್ದು, ಅಂಗೈಯಿಂದ ತಟ್ಟಿ, ಬೆರಳಿನಿಂದ ಒತ್ತಿ, ಕತ್ತು, ಬೆನ್ನು, ತೋಳು, ಅಂಗಾಲುಗಳಿಗೆ ಇಳಿಯುತ್ತದೆ. ಎಣ್ಣೆ ನೆನೆಯಲು ಸ್ವಲ್ಪ ಹೊತ್ತು ಬಿಡುವುದು ಅಗತ್ಯ. ಈ ಬಿಡುವಿನಲ್ಲಿ ಏನೂ ಕೆಲಸ ಸಾಗದು. ಎಣ್ಣೆಮೈಯಲ್ಲಿ ಕಚೇರಿಯ ಕಾಗದ ಮುಟ್ಟುವಂತಿಲ್ಲ, ಹೊರಗೆ ಹೋಗುವಂತಿಲ್ಲ, ದೇವರ ಮನೆಗೂ ಹೋಗುವಂತಿಲ್ಲ. ದುಡಿಯುವವನಿಗೆ ಮನೆಯೇ ಕಡ್ಡಾಯವಾಗಿ ವಿಧಿಸಿದ ವಿರಾಮ ಇದು. ಬಳಿಕ ನೀರು, ಸೀಗೇಪುಡಿ, ಮತ್ತೆ ನೀರು, ತಲೆಯೊರೆಸುವುದು, ಹೆಂಗಸರಿಗೆ ಸಾಂಬ್ರಾಣಿಯ ಹೊಗೆ, ಅನಂತರ ಬಿಸಿ ಅನ್ನ, ಮೆಣಸಿನ ಸಾರು.

ವಾರದಲ್ಲಿ ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ ಸಾಮಾನ್ಯವಾಗಿ ಒಪ್ಪಿದ ದಿನಗಳು. ಏಕಾದಶಿ, ಅಮಾವಾಸ್ಯೆ, ತಂದೆತಾಯಿಗಳ ಶ್ರಾದ್ಧದ ದಿನ ವರ್ಜ್ಯ. ಯುಗಾದಿಯಂದು ಬೇವುಬೆಲ್ಲಕ್ಕೆ ಮೊದಲು ಎಣ್ಣೆನೀರು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಬಳ್ಳಿ ಸುತ್ತಿ, ಪೂಜಿಸಿ, ಮಾರನೆಯ ದಿನ ನರಕಚತುರ್ದಶಿಯ ಬೆಳಗಿನ ಜಾವದಲ್ಲಿ ಮನೆಮಂದಿಗೆಲ್ಲ ಸ್ನಾನ. ಮದುವೆಯಾದ ಮೊದಲನೆಯ ದೀಪಾವಳಿಗೆ ಅಳಿಯನನ್ನು ಕರೆದು ಎಣ್ಣೆಶಾಸ್ತ್ರ ಮಾಡುವರು. ಹಬ್ಬವಿಲ್ಲದೆಯೂ ಅಭ್ಯಂಜನಕ್ಕೆ ಕಾರಣಗಳುಂಟು. ಪರೀಕ್ಷೆ ಮುಗಿಸಿದ ಹುಡುಗನ ಕಣ್ಣು ಉರಿಯುತ್ತಿದ್ದರೆ, ದೂರದ ಪ್ರಯಾಣದಿಂದ ಮಗ ಬಂದರೆ, ಗಂಡನ ಮನೆಯಿಂದ ಮಗಳು ಬಾಡಿ ಬಂದರೆ, 'ಮೈಯೆಲ್ಲ ಕಾದಿದೆ, ಎಣ್ಣೆ ಹಚ್ಚುತ್ತೇನೆ, ಬಾ' ಎಂಬ ಮಾತು ಮೊದಲು ಬರುತ್ತದೆ. ಏನಾಯಿತೆಂಬ ಪ್ರಶ್ನೆ ಆಮೇಲೆ. ಅನೇಕ ವೇಳೆ ಆ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ತಲೆ ಬಗ್ಗಿಸಿ ಕುಳಿತವಳು ಎದುರಿನವರ ಮುಖ ಕಾಣದಿರುವುದರಿಂದ ತಾನಾಗಿಯೇ ಹೇಳಿಬಿಡುತ್ತಾಳೆ.

೪

ಬಾಳಿನ ದೊಡ್ಡ ತಿರುವುಗಳಲ್ಲಿ ಈ ಆಚಾರವು ಹೇಗೆ ನಿಂತಿತೆಂಬುದನ್ನು ಇನ್ನು ನೋಡಬೇಕು. ೧೯೦೯ರಲ್ಲಿ ಫ್ರೆಂಚ್ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್, ಜಗತ್ತಿನ ನಾನಾ ಜನಾಂಗಗಳ ಸಂಸ್ಕಾರಗಳನ್ನು ಹೋಲಿಸಿ, ಅವುಗಳಲ್ಲಿ ಮೂರು ಹಂತಗಳನ್ನು ಗುರುತಿಸಿದನು. ವ್ಯಕ್ತಿಯನ್ನು ಹಿಂದಿನ ಸ್ಥಿತಿಯಿಂದ ಬೇರ್ಪಡಿಸುವುದು, ಎರಡೂ ಅಲ್ಲದ ನಡುವೆ ಕೆಲವು ಕಾಲ ಇರಿಸುವುದು, ಹೊಸ ಸ್ಥಿತಿಯಲ್ಲಿ ಸಮಾಜಕ್ಕೆ ಮರಳಿಸುವುದು. ನಮ್ಮ ನಾಡಿನ ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು ೧೯೪೨ರಲ್ಲಿ ಮೈಸೂರಿನ ವಿವಾಹ ಮತ್ತು ಕುಟುಂಬಗಳ ಮೇಲೂ, ೧೯೫೨ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಮೇಲೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. ಕೊಡಗಿನಲ್ಲಿ ಮದುವೆಗೆ ಮಾತ್ರವಲ್ಲದೆ ಬಾಳಿನ ಬೇರೆ ಬೇರೆ ಘಟ್ಟಗಳಿಗೂ 'ಮಂಗಲ'ವೆಂಬ ಒಂದೇ ಬಗೆಯ ವಿಧಿಯು ಸಲ್ಲುತ್ತಿತ್ತೆಂದು ಅವರು ತೋರಿಸಿದುದು ನಮಗೆ ಇಲ್ಲಿ ಪ್ರಯೋಜನಕಾರಿ. ಬೆಂಗಳೂರಿನ ಮನೆಗಳಲ್ಲಿ ಹೀಗೆ ಎಲ್ಲ ಘಟ್ಟಗಳಲ್ಲಿಯೂ ಮರುಕಳಿಸುವ ಅಂಶವು ಎಣ್ಣೆನೀರೇ.

ಇವುಗಳಲ್ಲಿ ಬಾಣಂತನವು ಅತ್ಯಂತ ವಿಸ್ತಾರವಾದುದು. ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಹಡೆದ ಮೇಲೆ ಕೆಲವು ವಾರಗಳ ಕಾಲ ಅವಳು ಅಡಿಗೆಮನೆಗೂ ಸೇರದವಳು, ದೇವರ ಮನೆಗೂ ಸೇರದವಳು. ವಾನ್ ಗೆನೆಪ್ ಹೇಳಿದ ನಡುವಣ ಸ್ಥಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಬಾಣಂತಿಗೆ ಎಣ್ಣೆಯೊತ್ತಿ, ಸೊಂಟಕ್ಕೂ ಬೆನ್ನಿಗೂ ತಡೆಯುವಷ್ಟು ಬಿಸಿಯಾದ ನೀರನ್ನು ರಭಸದಿಂದ ಹುಯ್ದು, ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿದು, ಸಾಂಬ್ರಾಣಿ ಹಾಕಿ ಮಲಗಿಸುತ್ತಾರೆ. ಕೂಸನ್ನು ಎರೆಯುವವಳು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ತಿಕ್ಕಿ ತೀಡಿ ನೀರು ಹಾಕುತ್ತಾಳೆ. ಈ ಕೆಲಸವನ್ನು ಅಜ್ಜಿಯಾಗಲಿ, ಗೊತ್ತಾದ ಎರೆಯುವ ಹೆಂಗಸಾಗಲಿ, ಸೂಲಗಿತ್ತಿಯಾಗಲಿ ಮಾಡುತ್ತಿದ್ದರು. ಸೂಲಗಿತ್ತಿಯ ಕೈಯ ವಿದ್ಯೆಗೆ ನಾಡು ಬಹುಕಾಲ ತಡವಾಗಿ ಮನ್ನಣೆ ಕೊಟ್ಟಿತು. ಪಾವಗಡ ಸೀಮೆಯಲ್ಲಿ ದಶಕಗಳ ಕಾಲ ಕೂಲಿ ಬೇಡದೆ ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ಮದುವೆಯಲ್ಲಿ ಮಂಗಳಸ್ನಾನವು ಮದುಮಕ್ಕಳನ್ನು ಉಳಿದವರಿಂದ ಬೇರ್ಪಡಿಸುವ ಮೊದಲನೆಯ ವಿಧಿ. ಮುತ್ತೈದೆಯರು ಸೇರಿ ಎಣ್ಣೆ ಅರಿಸಿನ ಹಚ್ಚಿ, ಹಾಡಿ, ಆರತಿಯೆತ್ತಿ ನೀರೆರೆಯುತ್ತಾರೆ. ರೋಗದಿಂದ ಎದ್ದವನಿಗೆ ಆರೋಗ್ಯಸ್ನಾನ. ಸಿಡುಬಿನ ಕಾಲದಲ್ಲಿ 'ಅಮ್ಮ' ಇಳಿದ ಮೇಲೆ ಬೇವಿನೆಲೆಯ ನೀರು ಹಾಕುವುದೇ ರೋಗಿಯು ಮನೆಮಂದಿಯೊಳಗೆ ಮರಳಿ ಸೇರಿದುದರ ಗುರುತಾಗಿತ್ತು.

ಸಾವಿನಲ್ಲಿ ಇದೇ ಆಚಾರವು ತನ್ನ ಅಭಾವದಿಂದ ಮಾತನಾಡುತ್ತದೆ. ಅಶೌಚದ ದಿನಗಳಲ್ಲಿ ಅಭ್ಯಂಗ ನಿಷಿದ್ಧ. ಮನೆಯಲ್ಲಿ ಎಣ್ಣೆಯ ಬಟ್ಟಲು ಗೂಡಿನಿಂದ ಇಳಿಯುವುದಿಲ್ಲ. ದುಃಖವನ್ನು ಬೇಗ ಒರೆಸಿಹಾಕಲು ಯಾರೂ ಆತುರಪಡರು. ಈ ಭಾಗದ ಬ್ರಾಹ್ಮಣ ಕುಟುಂಬಗಳಲ್ಲಿ ಹದಿಮೂರನೆಯ ದಿನದ ಶುಭಸ್ವೀಕಾರದಲ್ಲಿ ಮಂಗಳಸ್ನಾನವಾಗಿ, ಬಂಧುಗಳೊಡನೆ ಸಿಹಿಯೂಟವಾದ ಮೇಲೆ ಕುಟುಂಬವು ಮತ್ತೆ ನಿತ್ಯದ ಬಾಳಿಗೆ ಇಳಿಯುತ್ತದೆ. ಇತರ ಸಮುದಾಯಗಳಲ್ಲಿ ದಿನಗಳ ಲೆಕ್ಕವೂ ವಿಧಿಯೂ ಬೇರೆ. ಆದರೆ ನೀರೇ ಗಡಿ ಎಂಬುದು ಬಹುಮಟ್ಟಿಗೆ ಸಮಾನ. ಎಷ್ಟು ದಿನ ಅಳಬೇಕು, ಯಾವಾಗ ಎದ್ದು ತಲೆ ಬಾಚಬೇಕು ಎಂಬ ನಿರ್ಧಾರದ ಹೊರೆಯನ್ನು ನೊಂದವರ ಮೇಲೆ ಹೊರಿಸದೆ ಪಂಚಾಂಗದ ಮೇಲೆ ಹೊರಿಸಿದ ಜಾಣ್ಮೆ ಇದರಲ್ಲಿದೆ.

೫

ಇಲ್ಲಿಗೇ ನಿಲ್ಲಿಸಿದರೆ ಈ ಲೇಖನವು ಗತಕಾಲದ ಸ್ತೋತ್ರವಾದೀತು. ಇತಿಹಾಸದ ವಿದ್ಯಾರ್ಥಿಯು ಎರಡನೆಯ ಪ್ರಶ್ನೆಯನ್ನೂ ಕೇಳಲೇಬೇಕು: ಈ ಕೈ ಯಾರಿಗೆ ದೊರೆಯಲಿಲ್ಲ?

ಧರ್ಮಶಾಸ್ತ್ರದ ನಿಬಂಧಗಳಲ್ಲಿ ಪ್ರಚೇತಸನ ಹೆಸರಿನಲ್ಲಿ ಒಂದು ವಿಧಿಯು ಉದ್ಧೃತವಾಗುತ್ತದೆ. ಯತಿ, ಬ್ರಹ್ಮಚಾರಿ, ವಿಧವೆ ಈ ಮೂವರೂ ತಾಂಬೂಲವನ್ನೂ, ಅಭ್ಯಂಜನವನ್ನೂ, ಕಂಚಿನ ಪಾತ್ರೆಯಲ್ಲಿ ಊಟವನ್ನೂ ಬಿಡತಕ್ಕದ್ದೆಂದು ಅದರ ತಾತ್ಪರ್ಯ. ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುವುದನ್ನು ಗಮನಿಸಬೇಕು. ಯತಿಯು ತಾನಾಗಿ ಬಿಟ್ಟವನು. ಬ್ರಹ್ಮಚಾರಿಯು ಓದು ಮುಗಿಯುವವರೆಗೆ ಬಿಟ್ಟವನು. ವಿಧವೆಯು ಬಿಟ್ಟವಳಲ್ಲ, ಬಿಡಿಸಲ್ಪಟ್ಟವಳು, ಅದೂ ಸಾಯುವವರೆಗೆ. ಬಾಳಿನ ಅತ್ಯಂತ ಕಠಿಣವಾದ ತಿರುವಿನಲ್ಲಿ, ಇನ್ನೊಬ್ಬರ ಬೆಚ್ಚನೆಯ ಕೈ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ಹೊತ್ತಿನಲ್ಲಿ, ಅದನ್ನೇ ಅವಳಿಂದ ಕಿತ್ತುಕೊಳ್ಳಲಾಯಿತು. ತಲೆಗೂದಲನ್ನು ತೆಗೆಸಿದ ಮೇಲೆ ಎಣ್ಣೆಗೆ ಎಡೆಯೇ ಉಳಿಯಲಿಲ್ಲ. ಮಡಿಯ ಕಟ್ಟಳೆಯಿಂದ ಅವಳನ್ನು ಯಾರೂ ಮುಟ್ಟುವಂತೆಯೂ ಇರಲಿಲ್ಲ. ಮದುವೆಯ ಮನೆಯಲ್ಲಿ ನೀರೆರೆಯುವ ಮುತ್ತೈದೆಯರ ಗುಂಪಿನಿಂದಲೂ ಅವಳು ಹೊರಗೆ.

ಎಳೆಯ ವಯಸ್ಸಿನ ಮದುವೆಗಳಿಂದ ಇಂಥವರ ಸಂಖ್ಯೆ ಬೆಳೆಯುತ್ತಿತ್ತು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಶಿಶುವಿವಾಹ ನಿಷೇಧದ ಕಾನೂನನ್ನು ತಂದು, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದ ಗಂಡಸರಿಗೆ ಕೊಡುವುದನ್ನೂ ತಡೆಯಿತು. ಆ ಕಾಲಕ್ಕೆ ಇದು ಧೈರ್ಯದ ಹೆಜ್ಜೆಯೇ ಸರಿ. ಆದರೆ ತಡೆದುದರ ಅಳತೆಯೇ ನಡೆಯುತ್ತಿದ್ದುದರ ಅಳತೆಯನ್ನೂ ತಿಳಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಬೆಂಗಳೂರಿನಲ್ಲಿ ವಿಧವೆಯರಿಗೂ ಅನಾಥ ಸ್ತ್ರೀಯರಿಗೂ ಆಶ್ರಯವಾಗಿ ಅಬಲಾಶ್ರಮವು ಹುಟ್ಟಿತು. ಮಠವು ನೆಲೆಗೊಂಡ ದಶಕವೂ ಅದೇ ಎಂಬುದು ನೆನೆಯತಕ್ಕ ಸಂಗತಿ. ಬಸವನಗುಡಿಯ ಮನೆಗಳಲ್ಲಿ ಬೀದಿಗಳು ಅಗಲವಾದಷ್ಟು ಬೇಗ ಕಟ್ಟಳೆಗಳು ಅಗಲವಾಗಲಿಲ್ಲ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯು (೧೯೭೬) ಮಲೆನಾಡಿನದಾದರೂ ಇಲ್ಲಿ ಸ್ಮರಣೀಯ. ಲೇಖಕಿಯ ಬಂಧುವರ್ಗದ ಹಿರಿಯಳೊಬ್ಬಳ ನಿಜಜೀವನವನ್ನು ಆಧರಿಸಿದ ಈ ಕೃತಿಯ ಬಾಲವಿಧವೆಯು ಸುಖವೆಂಬುದನ್ನು ಕಾಣದೆ ಬೆಳೆದು, ಇತರ ಹೆಂಗಸರ ಹೆರಿಗೆ ಬಾಣಂತನಗಳಲ್ಲಿ ನೆರವಾಗುವ ಕೈಯಾಗುತ್ತಾಳೆ. ಬೆಂಗಳೂರಿನ ಮನೆಗಳಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ. ತಮಗಿಲ್ಲದ ಎಣ್ಣೆಯನ್ನು ಮೊಮ್ಮಕ್ಕಳಿಗೆ ಕಾಯಿಸಿ ಹಚ್ಚಿದ ಅಜ್ಜಿಯರು, ಸೋದರತ್ತೆಯರು, ದೊಡ್ಡಮ್ಮಂದಿರು ಅನೇಕರು. ಈ ವ್ಯವಸ್ಥೆಯು ಯಾರಿಗೆ ತನ್ನ ಫಲವನ್ನು ಕೊಡಲಿಲ್ಲವೋ ಅವರ ದುಡಿಮೆಯ ಮೇಲೆಯೇ ಬಹುಮಟ್ಟಿಗೆ ನಿಂತಿತ್ತು. ಮುತ್ತೈದೆಯರ ಪಾಲೂ ಪೂರ್ಣ ಸುಖದ್ದಲ್ಲ. ಮನೆಮಂದಿಗೆಲ್ಲ ಎರೆದು, ಹೊಗೆಯಲ್ಲಿ ಕಣ್ಣು ಕೆಂಪಾಗಿ, ಕಡೆಯಲ್ಲಿ ಹಂಡೆಯ ತಳದ ನೀರಿನಲ್ಲಿ ತಾನೇ ಎರೆದುಕೊಳ್ಳುತ್ತಿದ್ದವಳೂ ಅವಳೇ. 'ಎರೆದುಕೊಂಡೆ' ಎಂಬ ಮಾತು ಮನೆಯಲ್ಲಿ ಹೆಚ್ಚಾಗಿ ಯಾರ ಬಾಯಲ್ಲಿ ಕೇಳುತ್ತಿತ್ತೆಂಬುದಕ್ಕೆ ಇದೇ ಸಮಾಧಾನ.

೬

ಇಪ್ಪತ್ತನೆಯ ಶತಮಾನವು ಈ ಆಚಾರದ ಸಾಧನಗಳನ್ನು ಒಂದೊಂದಾಗಿ ಬದಲಿಸಿತು. ನೀರಿನ ವಿಷಯ ಮೊದಲು. ೧೮೯೦ರ ದಶಕದ ಮಧ್ಯದಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವೂ, ೧೯೭೪ರಲ್ಲಿ ಕಾವೇರಿಯೂ ಸೇರಿದುವು. ಬಾವಿಯಿಂದ ಸೇದುವ ಶ್ರಮ ತಪ್ಪಿತು. ಅದು ಹೆಂಗಸರಿಗಾದ ನಿಜವಾದ ಉಪಕಾರ. ಎರಡನೆಯದು ಸಾಬೂನು. ೧೯೧೬ರ ಸುಮಾರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬೆಂಗಳೂರಿನಲ್ಲಿಯೇ ಸರ್ಕಾರಿ ಸಾಬೂನಿನ ಕಾರ್ಖಾನೆ ಹುಟ್ಟಿ, ಮೈಸೂರು ಗಂಧದ ಸಾಬೂನು ಮನೆಮನೆಯನ್ನು ಸೇರಿತು. ಸೀಗೇಪುಡಿಯನ್ನು ಕಲಸಿ ಬೆನ್ನು ತಿಕ್ಕಲು ಇನ್ನೊಬ್ಬರು ಬೇಕು, ಸಾಬೂನಿಗೆ ಬೇಡ. ಮೂರನೆಯದು ಬೆಂಕಿ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು ಬಂದಿತು. ಕಾಲಕ್ರಮದಲ್ಲಿ ಹಂಡೆಯ ಸ್ಥಾನವನ್ನು ತಾಮ್ರದ ಬಾಯ್ಲರೂ, ಬಾಯ್ಲರಿನ ಸ್ಥಾನವನ್ನು ವಿದ್ಯುತ್ತಿನ ಗೀಸರೂ, ಈಚೆಗೆ ತಾರಸಿಯ ಮೇಲಿನ ಸೋಲಾರ್ ಪೆಟ್ಟಿಗೆಯೂ ಹಿಡಿದುವು. ಹಂಡೆಗೆ ಉರಿಯಿಟ್ಟರೆ ಮನೆಯವರೆಲ್ಲರೂ ಸರದಿಯಲ್ಲಿ ಮಿಂದೆದ್ದು ಮುಗಿಯಬೇಕು. ಗೀಸರಿಗೆ ಆ ಬಂಧನವಿಲ್ಲ.

ನಾಲ್ಕನೆಯದು ಆಸ್ಪತ್ರೆ. ಕೋಟೆಯ ಬಳಿ, ಚಾಮರಾಜಪೇಟೆಯ ನೆರೆಯಲ್ಲಿ ೧೯೩೫ರಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆದ ಮೇಲೆ ಈ ಬಡಾವಣೆಗಳ ಹೆರಿಗೆಗಳು ಮನೆಯ ಕತ್ತಲ ಕೋಣೆಯಿಂದ ಕ್ರಮೇಣ ಹೊರಬಂದುವು. ಇದರಿಂದ ಉಳಿದ ಪ್ರಾಣಗಳನ್ನು ನೆನೆದರೆ ಹಳೆಯ ಕೋಣೆಗಾಗಿ ಯಾರೂ ಕೊರಗಬೇಕಾಗಿಲ್ಲ. ಬಾಣಂತನವು ಆಸ್ಪತ್ರೆಯಿಂದ ಹಿಂತಿರುಗಿದ ಮೇಲೆ ಮನೆಯಲ್ಲಿ ಮುಂದುವರಿಯಿತು. ಇಂದಿಗೂ ಅನೇಕ ಮನೆಗಳಲ್ಲಿ ಮುಂದುವರಿಯುತ್ತಿದೆ. ಆದರೆ ಶಂಕರಪುರದ ಹಿತ್ತಿಲುಳ್ಳ ಮನೆಗಳು ಅನೇಕವು ಅಂತಸ್ತಿನ ಕಟ್ಟಡಗಳಾಗಿವೆ. ಮಕ್ಕಳು ದೂರದ ಊರುಗಳಲ್ಲಿ, ದೂರದ ದೇಶಗಳಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿಯು ಸೀಗೇಪುಡಿಯ ಪೊಟ್ಟಣದೊಡನೆ ಸಮುದ್ರ ದಾಟಿ ಹೋಗುವುದು ಈಗ ಸಾಮಾನ್ಯ. ಹಿಂದೆ ಮಗಳು ಕೈಯಿದ್ದಲ್ಲಿಗೆ ಬರುತ್ತಿದ್ದಳು; ಈಗ ಕೈಯೇ ಮಗಳಿದ್ದಲ್ಲಿಗೆ ಹೋಗುತ್ತಿದೆ.

ಹೀಗೆ ಸಾಧನಗಳು ಸುಲಭವಾದಂತೆಲ್ಲ ಎರಡನೆಯವರ ಅಗತ್ಯ ಕಡಿಮೆಯಾಯಿತು. ಯಾರೂ ಈ ಆಚಾರವನ್ನು ತಳ್ಳಿಹಾಕಲಿಲ್ಲ, ಖಂಡಿಸಲಿಲ್ಲ. ಕೈಯನ್ನು ಬೇಡುತ್ತಿದ್ದ ಕೆಲಸಗಳು ಒಂದೊಂದಾಗಿ ಇಲ್ಲವಾದುವು, ಕೈಯೂ ಸರಿಯಿತು.

೭

ಈ ಆಚಾರದಲ್ಲಿ ಬಿಡತಕ್ಕದ್ದೂ ಉಂಟು, ಉಳಿಸತಕ್ಕದ್ದೂ ಉಂಟು. ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು ಅಪಾಯಕರ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಉರಿಯೂತವಾಗುವುದೆಂದು ವೈದ್ಯರು ಎಚ್ಚರಿಸುತ್ತಾರೆ. ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವುದೂ, ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬುವುದೂ ತಪ್ಪು. ಇನ್ನೊಂದು ಕಡೆ, ೧೯೯೦ರ ದಶಕದಿಂದೀಚೆಗೆ ಸ್ವೀಡನ್ನಿನ ನರವಿಜ್ಞಾನಿಗಳೇ ಮೊದಲಾದವರು ನಡೆಸಿದ ಸಂಶೋಧನೆಗಳಿಂದ ಒಂದು ಅಂಶ ಸ್ಪಷ್ಟವಾಗಿದೆ. ರೋಮವುಳ್ಳ ಚರ್ಮದಲ್ಲಿ ಒಂದು ಬಗೆಯ ಸೂಕ್ಷ್ಮ ನರತಂತುಗಳಿದ್ದು, ಅವು ಸೆಕೆಂಡಿಗೆ ಸುಮಾರು ೧ರಿಂದ ೧೦ ಸೆಂಟಿಮೀಟರಿನಷ್ಟು ನಿಧಾನವಾಗಿ, ಮೈಯ ಬಿಸುಪಿನಲ್ಲಿಯೇ ಸವರುವ ಸ್ಪರ್ಶಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತವೆ. ಆ ಸ್ಪಂದನವು ವಸ್ತುವಿನ ಆಕಾರವನ್ನು ತಿಳಿಸುವುದಕ್ಕಲ್ಲ, ಹಿತವನ್ನು ತಿಳಿಸುವುದಕ್ಕೆ. ಬೆನ್ನಿಗೆ ಎಣ್ಣೆ ಸವರುವ ಅಜ್ಜಿಯ ಕೈ ಗಡಿಯಾರವಿಲ್ಲದೆಯೇ ಈ ವೇಗವನ್ನು ಬಲ್ಲುದು.

ಬಳಲಿದವನು ತನ್ನನ್ನು ತಾನೇ ನೋಡಿಕೊಳ್ಳಬೇಕೆಂಬ ಇಂದಿನ ಉಪದೇಶದಲ್ಲಿ ಒಂದು ಹಿರಿಮೆಯುಂಟು. ಅದು ವಿಧವೆಗೂ ಸಲ್ಲುತ್ತದೆ, ಒಂಟಿಯಾಗಿರುವವರಿಗೂ ಸಲ್ಲುತ್ತದೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹಳೆಯ ವ್ಯವಸ್ಥೆಯು ಕೊಡದಿದ್ದ ಸಮಾನತೆ ಅದು. ಆದರೆ ಅದರಲ್ಲಿ ಬಳಲಿದವನ ಮೇಲೆಯೇ ಇನ್ನೊಂದು ಕೆಲಸ ಬೀಳುತ್ತದೆ. ಹಳೆಯ ಬಚ್ಚಲುಮನೆಯು ತಿಳಿದಿದ್ದ ಸತ್ಯವೆಂದರೆ, ತೀರ ಬಳಲಿದವರಿಗೆ ತಮ್ಮ ಕೈಯನ್ನೇ ಎತ್ತುವ ಶಕ್ತಿ ಉಳಿದಿರುವುದಿಲ್ಲ. ಅವರ ಸರದಿ ಬಂದಿದೆಯೆಂದು ಇನ್ನೊಬ್ಬರೇ ಹೇಳಬೇಕು.

ಆದುದರಿಂದ ಈ ಇತಿಹಾಸವು ನಮ್ಮ ಮುಂದಿಡುವ ಪ್ರಶ್ನೆ ಹಂಡೆಯನ್ನು ಮರಳಿ ತರುವುದರದ್ದಲ್ಲ. ಗೀಸರಿನ ನೀರೂ ಬಿಸಿಯೇ. ಅಂಗಡಿಯ ಎಣ್ಣೆಯೂ ಎಣ್ಣೆಯೇ. ಆ ಕೈಯನ್ನು ಹುಟ್ಟು, ಲಿಂಗ, ವೈಧವ್ಯಗಳ ಲೆಕ್ಕವಿಲ್ಲದೆ ಎಲ್ಲರಿಗೂ ಹಂಚುವುದು ಹೇಗೆ, ಮತ್ತು ಅದನ್ನು ಹೆಂಗಸರ ಮೇಲೆ ಮಾತ್ರ ಹೊರಿಸದಿರುವುದು ಹೇಗೆ ಎಂಬುದು ಪ್ರಶ್ನೆ. ಮುಂದಿನ ನರಕಚತುರ್ದಶಿಯಂದು, ಜೀವಮಾನವೆಲ್ಲ ಮನೆಮಂದಿಗೆ ಎರೆದು ಕಡೆಯಲ್ಲಿ ತಾನೇ ಎರೆದುಕೊಂಡ ತಾಯಿಯನ್ನೋ ಅಜ್ಜಿಯನ್ನೋ ಮೊದಲು ಮಣೆಯ ಮೇಲೆ ಕುಳ್ಳಿರಿಸಿ, ಮಕ್ಕಳೇ, ಗಂಡುಮಕ್ಕಳೂ ಸೇರಿ, ಆಕೆಯ ನೆತ್ತಿಗೆ ಎಣ್ಣೆಯಿಟ್ಟರೆ ಈ ಆಚಾರದ ಚರಿತ್ರೆಯಲ್ಲಿ ಒಂದು ಹೊಸ ಅಧ್ಯಾಯವು ಆರಂಭವಾಗುವುದು.